ಪಾಲಿಲ್ಲದ ಮರಿ

ಊರಿಂದ, ಅಜ್ಜಂಪುರ ತಾಲ್ಲೂಕು
ತಾ. 4-8-2025

ಈ ಕವರು ಒಡೆದೋರು ಅನುಷಾ ಅಲ್ಲದೆ ಬೇರೆ ಯಾರಾದ್ರೂ ಆಗಿದ್ರೆ ಇಲ್ಲಿಗೇ ನಿಲ್ಲಿಸಿ. ನಾಚಿಕೆ ಆಗಲ್ವಾ ನಿಮಗೆ, ಇನ್ನೊಬ್ಬರ ಮನೆ ಕಾಗದ ಓದೋಕೆ? ಹಾಸ್ಟೆಲ್ ವಾರ್ಡನ್ನಮ್ಮ ಆಗಿದ್ರೂ ಅಷ್ಟೇ, ಅವರನ್ನ ಹೆತ್ತೋರಾಗಿದ್ರೂ ಅಷ್ಟೇ. ಕವರಿನ ಬಾಯಿಗೆ ಗಂಜಿ ಮೆತ್ತಿ ಮೇಲೆ ಅರಿಶಿನದ ಗೆರೆ ಎಳೆದಿದೀನಿ. ಗೆರೆ ಮುರಿದಿದೆ ಅಂತ ಮೊಮ್ಮಗಳು ಹೇಳಿದ್ರೆ ಮಾರನೇ ದಿನವೇ ತರೀಕೆರೆ ಬಸ್ ಹತ್ತಿ ಬತ್ತೀನಿ.

ಈಗ ನೀನು. ಲೇ ಅನುಷಾ, ನಿಂಗೇನಾಗಿದೆ? ಮೊನ್ನೆ ಫೋನಿನಲ್ಲಿ ನನ್ನ ವಯಸ್ಸು ಕೇಳಿದೆ. ಆಧಾರ್ ಕಾರ್ಡಿನ ಫೋಟೋ ಕಳಿಸು ಅಂತ ನಿಮ್ಮಪ್ಪನಿಗೆ ಹೇಳಿದೆ. ಯಾವತ್ತೂ ಕೇಳದೋಳು ‘ಮೈಗೆ ಹೆಂಗಿದೆ ಅಜ್ಜಿ’ ಅಂತ ಬೇರೆ ಕೇಳಿದೆ. ಏನಕ್ಕೆ ಇದೆಲ್ಲ ಅಂದ್ರೆ, ‘ಪಾಲಿಸಿ ಕಾಂಪಿಟಿಷನ್ ಅಜ್ಜಿ, ನೀನೇ ನಮ್ಮ ಕೇಸು’ ಅಂದ್ಬಿಟ್ಟೆ.

ಪಾಲಿಸಿ ಅಂದ್ರೆ ನಂಗೆ ಗೊತ್ತಿಲ್ಲ ಅಂದ್ಕೊಂಡ್ಯಾ? ವಿಮೆ ಮಾಡಿಸೋ ಹನುಮಂತಯ್ಯ ವಾರಕ್ಕೊಂದು ಸಲ ನಮ್ಮ ಜಗಲಿ ಮೇಲೆ ಕೂತು ಕಾಫಿ ಕುಡಿದು ಹೋಗ್ತಾನೆ. ಒಬ್ಬರು ಸತ್ರೆ ಇನ್ನೊಬ್ಬರಿಗೆ ಬರೋದು ಪಾಲಿಸಿ. ಅದರಲ್ಲಿ ಕಾಂಪಿಟಿಷನ್ ಅಂದ್ರೆ ಏನೇ? ಯಾರ ಅಜ್ಜಿ ಮೊದಲು ಸಾಯ್ತಾಳೆ ಅಂತಲಾ? ಮೇಲೆ ಕೇಸು ಬೇರೆ. ಎಪ್ಪತ್ತೊಂದು ವರ್ಷದಲ್ಲಿ ಕೋರ್ಟಿನ ಮೆಟ್ಟಿಲು ನೋಡಿದೋಳಲ್ಲ ನಾನು.

ಹೇಳೋದಿದ್ರೆ ಕಾಗದದಲ್ಲಿ ಹೇಳು. ಫೋನು ಬೇಡ. ನಿಮ್ಮಪ್ಪ ಪರಮೇಶಿ ಅದನ್ನ ಸ್ಪೀಕರಿಗೆ ಹಾಕ್ತಾನೆ, ನಿಮ್ಮಮ್ಮ ಒಲೆ ಉರಿ ಸಣ್ಣ ಮಾಡಿ ಕಿವಿ ಕೊಡ್ತಾಳೆ. ನಾಲ್ಕನೇ ಕ್ಲಾಸಿನವರೆಗೆ ಕಲಿತ ಅಕ್ಷರ ಇನ್ನೂ ನನ್ನ ಕೈಲಿದೆ.

ಇಂತಿ, ಸಾಯೋ ಅವಸರ ಇಲ್ಲದ ನಿಮ್ಮಜ್ಜಿ,
ಈರಕ್ಕ

*

ಊರಿಂದ
ತಾ. 21-8-2025

ಅನುಷಾಗೆ,

ನಿನ್ನ ಕಾಗದ ಬಂತು. ಪಾಲಿಸಿ ಅಂದ್ರೆ ವಿಮೆ ಅಲ್ಲ, ಸರ್ಕಾರ ಹಿಡಿಯೋ ದಾರಿ ಅಂತ ಬರೆದಿದೀಯ. ಆಗಲಿ. ಅಜ್ಜಂಪುರ ಬಸ್‌ ಸ್ಟ್ಯಾಂಡಿನ ಬೋರ್ಡಿನಲ್ಲೂ ‘ಸ್ವಚ್ಛತೆ ಪಾಲಿಸಿ’ ಅಂತ ಇದೆ. ಅದರ ಬುಡದಲ್ಲೇ ಎಲ್ಲರೂ ಉಗಿಯೋದು. ನಿನ್ನ ಪಾಲಿಸಿ ಅದಕ್ಕಿಂತ ಮೇಲಿದ್ರೆ ಸಂತೋಷ.

ಬೆಂಗಳೂರಿನ ಯಾವುದೋ ಸಂಸ್ಥೆ ಕಾಲೇಜು ಮಕ್ಕಳನ್ನ ಕರೆದು, ದೇಶದ ಆರ್ಥಿಕತೆಗೆ ಹೊಸ ಯೋಚನೆ ಕೊಡಿ, ಚೆನ್ನಾಗಿದ್ದಕ್ಕೆ ಬಹುಮಾನ ಕೊಡ್ತೀವಿ ಅಂತಂತೆ. ಇಲ್ಲೇ ನನಗೆ ಅನುಮಾನ. ದೊಡ್ಡ ದೊಡ್ಡ ಸಂಬಳದೋರಿಗೆ ಹೊಳೆಯದ್ದು ಹಾಸ್ಟೆಲ್ ಹುಡುಗೀರಿಗೆ ಹೊಳೆಯುತ್ತೆ ಅಂತ ಯಾಕೆ ಕರೀತಾರೆ? ನೂರು ಜನರ ಯೋಚನೆ ಇಸ್ಕೊಂಡು ಮೂರು ಜನಕ್ಕೆ ಕಪ್ಪು ಕೊಟ್ಟು ಕಳಿಸ್ತಾರೆ, ಮಿಕ್ಕ ತೊಂಬತ್ತೇಳು ಯೋಚನೆ ಎಲ್ಲಿ ಹೋಯ್ತು ಅಂತ ಯಾರಾದ್ರೂ ಕೇಳ್ತಾರಾ? ನಿಮ್ಮ ಕಾಲೇಜಿನ ವಿದ್ಯಾಶ್ರೀ ಮೇಡಂ ಒಳ್ಳೆಯೋರಿರಬಹುದು. ಒಳ್ಳೆಯೋರನ್ನೇ ಮುಂದೆ ಬಿಡೋದು.

ನೀನು ಆರಿಸ್ಕೊಂಡಿದ್ದು ನಮ್ಮ ಕುರಿ ಪಾಲು. ಸರ್ಕಾರವೇ ಹೆಣ್ಣುಕುರಿ ಕೊಂಡು ಜಮೀನಿಲ್ಲದ ಹೆಂಗಸರಿಗೆ ಪಾಲಿಗೆ ಕೊಡಬೇಕು, ಸಾಲ ಬೇಡ, ಹುಟ್ಟೋ ಮರಿಯಲ್ಲಿ ಅರ್ಧ ವಾಪಸ್ ಪಡೆದು ಮುಂದಿನ ಹೆಂಗಸಿಗೆ ಕೊಡಬೇಕು ಅಂತ. ಅಂದ್ರೆ ಸರ್ಕಾರ ನನಗೆ ಕುರಿ ಕೊಟ್ಟಿದ್ದ ತೀರ್ಥಪ್ಪ ಆಗುತ್ತೆ, ಊರಿನ ಹೆಂಗಸರೆಲ್ಲ ಈರಕ್ಕ ಆಗ್ತಾರೆ. ಆಗಲಿ ನೋಡೋಣ.

ಕೇಳಿದ್ದಕ್ಕೆ ಉತ್ತರ ಬರೀತೀನಿ. ತೀರ್ಥಪ್ಪನೋರ ಮನೆಯೋರು ಲಿಂಗ ಕಟ್ಟಿದ ಜನ, ಮೊಟ್ಟೆ ಒಡೆದ ಪಾತ್ರೇನೂ ಮುಟ್ಟೋರಲ್ಲ. ಆದ್ರೆ ತೆಂಗಿನ ತೋಟಕ್ಕೆ ಕುರಿಗೊಬ್ಬರ ಬೇಕು. ಅದಕ್ಕೇ ಕುರಿ ಕೊಂಡ್ರು, ಮೇಯಿಸೋಕೆ ನಮ್ಮಂಥೋರಿಗೆ ಕೊಟ್ರು. ನಿಮ್ಮ ತಾತ ಲಕ್ಕಣ್ಣ ತೀರಿಹೋದ ವರ್ಷ ನನಗೆ ಆರು ಹೆಣ್ಣುಕುರಿ ಹೊಡೆದುಕೊಟ್ರು. ಗೊಬ್ಬರ ಅವರ ತೋಟಕ್ಕೆ, ಉಣ್ಣೆ ನನಗೆ, ಹುಟ್ಟಿದ ಮರಿಯೆಲ್ಲ ಅರ್ಧರ್ಧ. ಪತ್ರ ಇಲ್ಲ, ರುಜು ಇಲ್ಲ. ಬಾಯಿ ಮಾತು.

ಮರಿ ಸತ್ರೆ ಏನು ಮಾಡ್ತಿದ್ರಿ ಅಂತ ಕೇಳಿದೀಯ. ಸತ್ರೆ ಅದರ ಕಿವಿ ಕೊಯ್ದು ತಂದು ಕೊಟ್ಟೋರಿಗೆ ತೋರಿಸಬೇಕು. ಮನೆಮನೆಗೂ ಬೇರೆ ಬೇರೆ ಗುರುತು. ಮರಿ ಎಳೇದಾಗಿದ್ದಾಗಲೇ ಕಿವಿ ಅಂಚಿಗೆ ಕಚ್ಚು ಹಾಕಿರ್ತಾರೆ. ಕಚ್ಚು ನೋಡಿ ‘ಹೌದು, ನಮ್ಮದೇ’ ಅಂದ್ರೆ ಮುಗೀತು. ಕಿವಿ ತರದಿದ್ರೆ ಮಾರಿಕೊಂಡಳು ಅಂತ ಅರ್ಥ. ಇದನ್ನ ಬರೀಬೇಡ. ಪೇಟೆ ಜನಕ್ಕೆ ಅಸಹ್ಯ ಆಗುತ್ತೆ.

ಇನ್ನೊಂದು ಮಾತು. ತೀರ್ಥಪ್ಪನೋರು ಹೋಗಿ ಎಷ್ಟೋ ಕಾಲ ಆಯ್ತು. ಅವರ ಹೆಂಡತಿ ಮಲ್ಲಿಕಾಂಬಮ್ಮ ಈಗ ಕಡೂರಿನಲ್ಲಿ, ಮಗನ ಕೊಬ್ಬರಿ ಅಂಗಡಿ ಮೇಲಿನ ಮನೇಲಿದಾರೆ. ತರೀಕೆರೆಯಿಂದ ಕಡೂರಿಗೆ ಬೇಕಾದಷ್ಟು ಬಸ್ಸಿದೆ ಅಂತ ನನಗೂ ಗೊತ್ತು. ಹೋಗಬೇಡ. ಯಾಕೆ ಅಂತ ಕೇಳಬೇಡ.

ಇಂತಿ,
ನಿನಗೆ ಬೇಕಾಗಿದ್ದಕ್ಕಿಂತ ಜಾಸ್ತಿ ಬರೆದ ಈರಕ್ಕ

*

ತರೀಕೆರೆ
14-9-2025

ಅಜ್ಜಿ,

ಅರಿಶಿನದ ಗೆರೆ ಸರಿಯಾಗೇ ಇತ್ತು. ವಾರ್ಡನ್ ಮೇಡಂಗೆ ನಿನ್ನ ಕಾಗದದ ಮೊದಲನೇ ಸಾಲು ಓದಿ ಹೇಳಿದೆ. ನಕ್ಕರು, ಆಮೇಲೆ ಸ್ವಲ್ಪ ಹೆದರಿದರು.

ಸುದ್ದಿ ಕೇಳು. ನಾನು ಮೊದಲನೇ ಸುತ್ತು ದಾಟಿದೆ! ಲ್ಯಾಪ್‌ಟಾಪ್ ಮುಂದೆ ಕೂರಿಸಿ ಮೂರು ಜನ ಪ್ರಶ್ನೆ ಕೇಳಿದರು. ಎಲ್ಲದಕ್ಕೂ ಉತ್ತರ ಕೊಟ್ಟೆ, ಒಂದಕ್ಕೆ ಬಿಟ್ಟು. ‘ಕುರಿ ತಗೊಂಡೋಳು ಮೋಸ ಮಾಡಿದರೆ?’ ಅಂದರು. ನಾನು ತಡವರಿಸಿ, ‘ನಮ್ಮೂರಲ್ಲಿ ಪಾಲಿನ ವಿಷಯದಲ್ಲಿ ಯಾರೂ ಮೋಸ ಮಾಡಿಲ್ಲ, ನಮ್ಮಜ್ಜಿನೇ ಸಾಕ್ಷಿ’ ಅಂದೆ. ಫೈನಲ್ ನವೆಂಬರ್ ಕೊನೆಗೆ, ಬೆಂಗಳೂರಿನಲ್ಲಿ. ಅಷ್ಟರಲ್ಲಿ ಅದಕ್ಕೆ ಗಟ್ಟಿ ಆಧಾರ ತರಬೇಕಂತೆ.

ಬೈಬೇಡ. ನಾನು ಕಡೂರಿಗೆ ಹೋಗಿದ್ದೆ. ಕೊಟ್ಟೋರ ಮಾತೂ ಬೇಕು ಅಂತ ವಿದ್ಯಾಶ್ರೀ ಮೇಡಂ ಹೇಳಿದರು. ಮಲ್ಲಿಕಾಂಬಜ್ಜಿ ಎಷ್ಟು ಒಳ್ಳೆಯೋರು! ಎಪ್ಪತ್ತೆಂಟಾದರೂ ಕನ್ನಡಕ ಇಲ್ಲದೆ ಪೇಪರ್ ಓದ್ತಾರೆ. ನಾನು ಈರಕ್ಕನ ಮೊಮ್ಮಗಳು ಅಂದ ತಕ್ಷಣ ನನ್ನ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು. ‘ನಿಮ್ಮಜ್ಜಿ ನಾಲಿಗೆ ಇನ್ನೂ ಹಂಗೇ ಇದೆಯಾ?’ ಅಂದರು. ಬರೆದುಕೊಳ್ಳೋಕೆ ಅಂತ ನಾನು ಕೇಳಿದ್ದಕ್ಕೆ ಒಂದೇ ಮಾತು ಹೇಳಿದ್ದು: ‘ಈರಕ್ಕನ ಕೈಲಿ ನಮ್ಮ ಒಂದು ಮರೀನೂ ಸಾಯಲಿಲ್ಲ ಕಣಮ್ಮ.’

ನೋಡು, ನಿನ್ನ ಬಗ್ಗೆ ಎಷ್ಟು ಅಭಿಮಾನ! ಆ ಮಾತನ್ನೇ ನನ್ನ ವರದಿಯ ಮೊದಲನೇ ಸಾಲು ಮಾಡ್ತೀನಿ.

ನಿನ್ನ
ಅನುಷಾ

*

ಊರಿಂದ
ತಾ. 18-9-2025

ಅನುಷಾ,

ಹೋಗಬೇಡ ಅಂದಿದ್ದೆ. ಕನ್ನಡದಲ್ಲೇ ಬರೆದಿದ್ದೆ.

ಅವರು ಆ ಮಾತು ಹೆಂಗೆ ಹೇಳಿದ್ರು? ನಗ್ತಾ ಹೇಳಿದ್ರಾ? ನಿನ್ನ ಮುಖ ನೋಡ್ಕೊಂಡು ಹೇಳಿದ್ರಾ, ಕಿಟಕಿ ಕಡೆ ನೋಡ್ಕೊಂಡಾ? ಸೊಸೆ ಅಲ್ಲೇ ಇದ್ಲಾ? ಮಗ ರುದ್ರಮೂರ್ತಿ ಇದ್ನಾ? ‘ಸಾಯಲಿಲ್ಲ’ ಅಂದ್ರಾ, ‘ಸತ್ತಿರಲಿಲ್ಲ’ ಅಂದ್ರಾ? ನಿನಗೆ ಎರಡೂ ಒಂದೇ ಅನ್ನಿಸಬಹುದು. ಒಂದಲ್ಲ. ಸರಿಯಾಗಿ ನೆನಪು ಮಾಡ್ಕೊಂಡು ಬರಿ.

ಒಳ್ಳೆಯೋರು, ಒಳ್ಳೆಯೋರು ಅಂತ ಕುಣಿದಾಡಬೇಡ. ಮೂವತ್ತೈದು ವರ್ಷ ಒಂದು ಮಾತೂ ಆಡದೋರು ನೀನು ಹೋದ ಕೂಡಲೇ ಕೈ ಹಿಡಿದು ಕೂರಿಸಿಕೊಂಡ್ರು ಅಂದ್ರೆ, ಆ ಕೈಲಿ ಏನಿತ್ತು ಅಂತ ನೋಡಬೇಕಿತ್ತು ನೀನು.

ಆ ಸಾಲು ತೆಗೆದುಹಾಕು. ನನ್ನ ಹೆಸರೂ ತೆಗೆದುಹಾಕು. ಸಾಕ್ಷಿ ಅಂತೆ ಸಾಕ್ಷಿ. ನನ್ನನ್ನ ಕೇಳಿ ಹೇಳಿದ್ಯಾ? ಕುರಿ ಬಿಟ್ಟು ಕೋಳಿ ಬಗ್ಗೆ ಬರಿ. ರಾಗಿ ಬಗ್ಗೆ ಬರಿ. ಬೆಂಗಳೂರಿನೋರಿಗೆ ಏನು ವ್ಯತ್ಯಾಸ ಗೊತ್ತಾಗುತ್ತೆ?

ಈರಕ್ಕ

*

ಊರಿಂದ
ತಾ. 27-10-2025

ಅನುಷಾಗೆ,

ದೀಪಾವಳಿಗೂ ನೀನು ಬರಲಿಲ್ಲ. ಕಾಗದಾನೂ ಇಲ್ಲ. ನಿಮ್ಮಪ್ಪನಿಗೆ ಮಾತ್ರ ಫೋನು ಬರುತ್ತೆ, ‘ಓದಿದೆಯಂತೆ, ಫೈನಲ್ಲಂತೆ’ ಅಂತ ಅವನು ನನಗೆ ಎದ್ದೂ ಬಿದ್ದೂ ಹೇಳ್ತಾನೆ. ನನ್ನ ಮೇಲೆ ಮುನಿಸಾ? ಇರಲಿ.

ಶುಕ್ರವಾರ ಒಂದು ಕಾರು ಬಂತು. ನಿನ್ನ ಸಂಸ್ಥೆಯೋರಂತೆ. ಒಬ್ಬ ಗಂಡಸು, ಒಬ್ಬಳು ಹುಡುಗಿ. ಹುಡುಗಿ ಕೈಲಿ ಸ್ಲೇಟಿನಂಥ ಫೋನು. ಮಕ್ಕಳು ಬರೆದಿದ್ದು ನಿಜವೋ ಅಲ್ಲವೋ ಅಂತ ಊರೂರಿಗೆ ಹೋಗಿ ನೋಡ್ತಾರಂತೆ. ಕಡೂರಿಗೆ ಆಗಲೇ ಹೋಗಿ ಬಂದಿದ್ರಂತೆ. ನೋಡಿದ್ಯಾ? ನನಗೆ ಮಾತ್ರ ಅನುಮಾನ ಅಂದ್ಕೊಂಡಿದ್ದೆ. ಕರೆದೋರಿಗೂ ಅನುಮಾನವೇ.

‘ಅಜ್ಜಿ, ಪಾಲಿಗೆ ಎಷ್ಟು ವರ್ಷ ಸಾಕಿದ್ರಿ?’

‘ಮೂರು ವರ್ಷದ ಮೇಲೆ.’

‘ಅಷ್ಟರಲ್ಲಿ ಎಷ್ಟು ಮರಿ ಸತ್ವು?’

ನಿಮ್ಮಮ್ಮ ಬಾಗಿಲಲ್ಲಿ ನಿಂತಿದ್ಲು, ನಿಮ್ಮಪ್ಪ ಸ್ಟೂಲ್ ತಂದು ಹಾಕ್ತಿದ್ದ.

‘ಕಡೂರಿನಲ್ಲಿ ಆ ಅಮ್ಮ ಏನಂದ್ರು?’ ಅಂತ ನಾನೇ ಕೇಳಿದೆ.

‘ಒಂದೂ ಇಲ್ಲ ಅಂದ್ರು.’

‘ಹಂಗಾದ್ರೆ ಒಂದೂ ಇಲ್ಲ.’

ಹುಡುಗಿ ಬರ್ಕೊಂಡ್ಲು. ಒಂದು ಹಾಳೆ ತೆಗೆದು ಹೆಬ್ಬೆಟ್ಟಿಗೆ ಅಂತ ಶಾಯಿ ಡಬ್ಬಿ ಬಿಚ್ಚಿದ್ಲು. ನನಗೆ ರೋಷ ಬಂತು. ‘ನಾನು ರುಜು ಹಾಕ್ತೀನಿ ಕಣಮ್ಮ’ ಅಂದು ಈರಕ್ಕ ಅಂತ ದಪ್ಪಕ್ಷರದಲ್ಲಿ ಬರೆದುಕೊಟ್ಟೆ. ಅವರು ಹೋದ ಮೇಲೆ ನೋಡ್ತೀನಿ, ಪೆನ್ನು ನನ್ನ ಕೈಲೇ ಉಳಿದಿದೆ.

ನೀನು ಅಲ್ಲಿ ಮೈಕಿನ ಮುಂದೆ ನಿಂತು ‘ನಮ್ಮೂರಲ್ಲಿ ಯಾರೂ ಮೋಸ ಮಾಡಿಲ್ಲ’ ಅಂತ ಹೇಳಲೇಬೇಕಾ? ಬೇರೆ ಥರ ಹೇಳೋಕೆ ಬರಲ್ವಾ? ಇಂಗ್ಲಿಷಿನಲ್ಲಿ ಏನಾದ್ರೂ ಅಡ್ಡ ಮಾತು ಇರುತ್ತಲ್ಲ?

ಬರಿ.

ಈರಕ್ಕ

*

ಊರಿಂದ
ತಾ. 9-11-2025

ಅನುಷಾ,

ನೀನು ಕಳಿಸಿದ ಹಾಳೆ ತಲುಪಿತು. ಒಂದೇ ಸಾಲು ಬರೆದಿದೀಯ: ‘ಅಜ್ಜಿ, ನೀನು ಏನನ್ನ ಮುಚ್ಚಿಡ್ತಿದೀಯ?’ ನಾಲ್ಕೈದು ದಿನ ಅದನ್ನ ಅಕ್ಕಿ ಡಬ್ಬದ ಹಿಂದೆ ಇಟ್ಟಿದ್ದೆ. ಅಕ್ಕಿ ಅಳೆಯೋಕೆ ಹೋದಾಗಲೆಲ್ಲ ಕಾಣುತ್ತೆ.

ಹೇಳ್ತೀನಿ. ನಿಮ್ಮಪ್ಪನಿಗೆ ಗೊತ್ತಿಲ್ಲ. ನಿಮ್ಮ ತಾತನ ಗುಂಡಿ ಮುಂದೆ ನಿಂತೂ ಹೇಳಿಲ್ಲ.

ಪಾಲಿನ ಮೂರನೇ ವರ್ಷ ಒಂದು ಹೆಣ್ಣುಮರಿ ಹುಟ್ಟಿತು. ಕಪ್ಪು ಮೈ, ಹಣೆಯಲ್ಲಿ ಒಂಚೂರು ಬಿಳಿ. ಅದು ಸತ್ತಿತು ಅಂತ ನಾನು ಹೇಳಿದೆ. ಸತ್ತಿರಲಿಲ್ಲ. ಕಂಬಳಿಯಲ್ಲಿ ಸುತ್ತಿ ಲಿಂಗದಹಳ್ಳಿಗೆ ಒಯ್ದು ನನ್ನ ತಂಗಿ ಮನೇಲಿ ಬಿಟ್ಟುಬಂದೆ.

ಹಸಿವಿಗೆ ಮಾಡಿದ್ಲು ಅಂತ ಬರೀಬೇಡ. ಹಸಿವಿರಲಿಲ್ಲ. ಹೊಟ್ಟೆಗೆ ಸಾಕಾಗ್ತಿತ್ತು. ಮಗನ ಫೀಸು, ಕಾಯಿಲೆ, ಕಸಾಲೆ ಅಂತ ನೆವ ಹುಡುಕಬೇಡ, ನಾನು ಆಗಲೇ ಎಲ್ಲ ಹುಡುಕಿ ನೋಡಿದೀನಿ. ವಿಷಯ ಇಷ್ಟೇ. ಮನೆಯಲ್ಲಿ ಏನು ಮುಟ್ಟಿದ್ರೂ ಅದರಲ್ಲಿ ಅರ್ಧ ಬೇರೆಯೋರದ್ದು. ಕುರಿ ಅವರದ್ದು, ಅದು ತುಳಿದ ಮಣ್ಣಿನ ಗೊಬ್ಬರವೂ ಅವರದ್ದು, ಪಾಲು ಮುರಿಯೋವರೆಗೆ ಒಂದೊಂದು ಮರಿಯಲ್ಲೂ ಅರ್ಧ ಅವರದ್ದು. ಒಂದೇ ಒಂದು, ತಲೆಯಿಂದ ಬಾಲದವರೆಗೆ ನನ್ನದು ಅನ್ನೋದು ಬೇಕಾಗಿತ್ತು. ಪಾಲಿಲ್ಲದ್ದು.

ಕಿವಿ ತೋರಿಸಬೇಕಲ್ಲ. ಇನ್ನೊಬ್ಬರ ಮಂದೆಯಲ್ಲಿ ಕಚ್ಚು ಹಾಕೋ ಮೊದಲೇ ಸತ್ತ ಕಪ್ಪು ಮರಿಯ ಕಿವಿ ಕೇಳಿ ತಂದೆ, ಔಷಧಿಗೆ ಅಂತ ಸುಳ್ಳು ಹೇಳಿ. ಅದಕ್ಕೆ ತೀರ್ಥಪ್ಪನೋರ ಮನೆ ಕಚ್ಚು ನಾನೇ ಹಾಕಿದೆ, ಕುಡುಗೋಲಿನಲ್ಲಿ. ಆಮೇಲೆ ನೋಡಿದ್ರೆ ಕಚ್ಚು ಬೇರೆ ಥರ ಇದೆ. ಎಳೇದಾಗಿದ್ದಾಗ ಹಾಕಿದ ಕಚ್ಚು ವಾಸಿಯಾಗಿ ಅಂಚು ಮಡಿಚಿಕೊಂಡಿರುತ್ತೆ, ಮುಟ್ಟಿದ್ರೆ ದಪ್ಪ ಸಿಗುತ್ತೆ. ಸತ್ತ ಕಿವಿಗೆ ಹಾಕಿದ್ದು ಬಟ್ಟೆ ಕತ್ತರಿಸಿದ ಹಾಗೆ ಇರುತ್ತೆ. ಕುರಿ ಕಂಡೋರು ಯಾರಾದ್ರೂ ಹೇಳ್ತಾರೆ.

ಬೇರೆ ಪಾಲಿನೋರು ಕಿವಿ ತಂದಾಗ ತೀರ್ಥಪ್ಪನೋರು ದೂರದಿಂದ ಒಂದು ಸಲ ನೋಡಿ ‘ಆಯ್ತು ಹೋಗು’ ಅನ್ನೋರು. ಅದನ್ನ ನಂಬಿಕೊಂಡು ಹೋದೆ. ಅವತ್ತು ಅವರಿರಲಿಲ್ಲ. ಮಲ್ಲಿಕಾಂಬಮ್ಮ ಬಂದ್ರು. ಅವರು ಮುಟ್ಟಲ್ಲ ಅಂತ ಗೊತ್ತಿತ್ತು ನನಗೆ. ಅದೇ ಧೈರ್ಯ. ಅವರು ಅಂಗೈ ಚಾಚಿದ್ರು. ಆ ಮಡಿ ಕೈ ಮೇಲೆ ಸತ್ತ ಕಿವಿ ಇಟ್ಟೆ. ಹೆಬ್ಬೆರಳಿನಲ್ಲಿ ಕಚ್ಚಿನ ಅಂಚನ್ನ ಒಂದು ಸಲ ಸವರಿದ್ರು. ‘ಪಾಪ, ಹೋಗಲಿ ಬಿಡು. ಒಳಗೆ ಬಾ, ಕಾಫಿ ಕುಡಿ’ ಅಂದ್ರು.

ನಾನು ಒಳಗೆ ಹೋಗಲಿಲ್ಲ. ಅವತ್ತಿಂದ ಇವತ್ತಿನವರೆಗೆ ಹೋಗಿಲ್ಲ. ಆ ವರ್ಷವೇ ಮೈದುನನ ಕೈಲಿ ಅವರ ಕುರಿ, ಅವರ ಅರ್ಧ ಮರಿ ಎಲ್ಲ ಹೊಡೆದು ಕಳಿಸಿ ಪಾಲು ಮುರಿದೆ. ಊರೆಲ್ಲ ಹೇಳ್ತಾರೆ ಅಂತ ಕಾದೆ. ಸಂತೆಯಲ್ಲಿ ಇಬ್ಬರು ನಕ್ಕರೆ ನನ್ನ ಮಾತೇ ಅಂದ್ಕೊಂಡೆ. ಯಾರೂ ಏನೂ ಅನ್ನಲಿಲ್ಲ. ಅವರಿಗೆ ಗೊತ್ತಾಯ್ತೋ ಇಲ್ಲವೋ ನನಗೆ ಇವತ್ತಿಗೂ ತಿಳಿಯದು. ಈಗ ನಿನ್ನ ಕೈಲಿ ಆ ಮಾತು ಕಳಿಸಿದಾರೆ, ಒಂದು ಮರೀನೂ ಸಾಯಲಿಲ್ಲ ಅಂತ.

ಪಾಲು ಮುರಿದ ಮೇಲೆ ನನ್ನ ಪಾಲಿನ ಮರಿಗಳನ್ನ ಮಾರಿ, ಆ ಕರಿ ಮರೀನ ತಂಗಿ ಮನೆಯಿಂದ ತಂದೆ. ಅದರಿಂದ ಹುಟ್ಟಿದ ಮಂದೆಯೇ ನಮ್ಮದು. ನಿನ್ನ ಹಾಸ್ಟೆಲ್ ಫೀಸು ಆ ಮಂದೆಯದ್ದು.

ಮೋಸ ಮಾಡಿದರೆ ಅಂತ ಕೇಳಿದ್ರಲ್ಲ ನಿನ್ನನ್ನ. ಮಾಡ್ತಾರೆ ಅನ್ನು. ಈರಕ್ಕ ಮಾಡಿದ್ಲು ಅನ್ನು. ಕಾವಲು ಇಟ್ರೆ ನಿಲ್ಲಲ್ಲ, ಕಾವಲಿನೋನಿಗೂ ಒಂದು ಮರಿ ಬೇಕಾಗುತ್ತೆ. ಹುಟ್ಟೋ ಮೊದಲನೇ ಹೆಣ್ಣುಮರಿ ಸಾಕಿದೋಳಿಗೇ ಪೂರ್ತಿ ಅಂತ ಬರಿ, ಪಾಲಿಲ್ಲ ಅಂತ. ಮಿಕ್ಕಿದ್ದು ಅರ್ಧರ್ಧ. ಆಗ ಎಷ್ಟು ಜನ ಕಿವಿ ಹುಡುಕ್ಕೊಂಡು ಹೋಗ್ತಾರೆ ನೋಡು.

ಆ ಹುಡುಗಿ ಹತ್ರ ನಾನು ಹಾಕಿದ ರುಜು ಇದೆ. ಅದರಿಂದ ನಿನಗೆ ಬಹುಮಾನ ತಪ್ಪಿದ್ರೆ ನನ್ನನ್ನ ಬೈಕೋ. ಹೇಳೋದು ಬಿಡೋದು ನಿನಗೆ ಸೇರಿದ್ದು. ನಾನು ಏನೂ ಹೇಳಲ್ಲ.

ಈರಕ್ಕ

*

ತರೀಕೆರೆ
2-12-2025

ಅಜ್ಜಿ,

ಹೇಳಿದೆ.

ಅದೇ ಪ್ರಶ್ನೆ ಬಂತು, ಅದೇ ಮನುಷ್ಯ ಕೇಳಿದರು. ಮೊದಲನೇ ಹೆಣ್ಣುಮರಿಯ ಮಾತು ಹೇಳಿದಾಗ ಅವರು ಪೆನ್ನು ತೆಗೆದು ಬರೆದುಕೊಂಡರು. ಇದು ನಿನಗೆ ಹೆಂಗೆ ಹೊಳೀತು ಅಂದರು. ಆಗ ಕಿವಿಯ ಕಥೆ ಹೇಳಿದೆ. ಊರಿಗೆ ಬಂದಿದ್ದ ಆ ಹುಡುಗಿ ನಿನ್ನ ರುಜು ಇರೋ ಹಾಳೆ ಎತ್ತಿ ಹಿಡಿದಳು. ‘ಇಲ್ಲಿ ಒಂದೂ ಸತ್ತಿಲ್ಲ ಅಂತಿದೆ’ ಅಂದಳು. ‘ಹೌದು, ಸತ್ತಿಲ್ಲ. ಕದ್ದಿದ್ದು’ ಅಂದೆ. ಯಾರೋ ನಕ್ಕರು. ಒಂದು ವರದಿಯಲ್ಲಿ ಎರಡು ಹೇಳಿಕೆ ಇರಬಾರದು ಅಂತ ನನ್ನನ್ನ ಬಹುಮಾನದ ಪಟ್ಟಿಯಿಂದ ಬಿಟ್ಟರು.

ಇಳಿದು ಬರುವಾಗ ಆ ಮನುಷ್ಯ ಕೇಳಿದರು: ‘ಕುರಿ ಕೊಟ್ಟ ಅಮ್ಮನಿಗೆ ಗೊತ್ತಿತ್ತಾ? ಗೊತ್ತಿದ್ದೂ ಸುಮ್ಮನಿದ್ದರೆ ನಿನ್ನ ಯೋಜನೆಯ ಅರ್ಥವೇ ಬೇರೆ.’ ನನಗೆ ಗೊತ್ತಿಲ್ಲ, ನಮ್ಮಜ್ಜಿಗೂ ಗೊತ್ತಿಲ್ಲ ಅಂದೆ.

ನನಗೆ ಕೋಪ ಇದೆ ಅಜ್ಜಿ. ಕದ್ದಿದ್ದಕ್ಕಲ್ಲ. ಆ ಹಾಳೆಗೆ ರುಜು ಹಾಕಿದ್ದಕ್ಕೆ. ಕೋಪ ಇಳಿದ ಮೇಲೆ ಬರ್ತೀನಿ.

ಅನುಷಾ

*

ಊರಿಂದ
ತಾ. 8-12-2025

ಮಲ್ಲಿಕಾಂಬಮ್ಮನೋರಿಗೆ ಈರಕ್ಕನ ನಮಸ್ಕಾರ.

ಹೇಗಿದೀರಿ ಅಂತ ಕೇಳಲ್ಲ. ಕನ್ನಡಕ ಇಲ್ಲದೆ ಪೇಪರ್ ಓದೋರು ಚೆನ್ನಾಗೇ ಇರ್ತೀರಿ.

ನಮ್ಮ ಹುಡುಗಿ ಬೆಂಗಳೂರಿನಲ್ಲಿ ನೂರಾರು ಜನರ ಮುಂದೆ ಹೇಳಿದ್ದನ್ನ ನಿಮಗೆ ನಾನೇ ಹೇಳಬೇಕು. ಹಣೆಯಲ್ಲಿ ಬಿಳಿ ಇದ್ದ ಆ ಕರಿ ಮರಿ ಸತ್ತಿರಲಿಲ್ಲ. ನಾನು ಮುಚ್ಚಿಟ್ಟೆ. ನಿಮ್ಮ ಕೈ ಮೇಲೆ ಇಟ್ಟಿದ್ದು ಯಾರದ್ದೋ ಕಿವಿ, ಕಚ್ಚು ನಂದು. ಈ ನಾಲ್ಕು ಸಾಲಿಗೆ ಮೂರು ಹಾಳೆ ಹರಿದಿದೀನಿ.

ಮರಿ ವಾಪಸ್ ಕೊಡ್ತೀನಿ ಅಂತ ಬರೀತಿಲ್ಲ. ಕಡೂರಿನ ಮಹಡಿ ಮೇಲೆ ಎಲ್ಲಿ ಕಟ್ತೀರಿ, ಕೊಬ್ಬರಿ ಮೂಟೆಗಾ? ಕ್ಷಮಿಸಿ ಅಂತಾನೂ ಕೇಳ್ತಿಲ್ಲ, ನೀವು ‘ಹೋಗಲಿ ಬಿಡು’ ಅಂದ್ಬಿಡ್ತೀರಿ. ಆ ಮಾತನ್ನ ಒಂದು ಸಲ ಕೇಳಿಯೇ ನಾನು ಇಷ್ಟು ವರ್ಷ ನಿಮ್ಮ ಬೀದಿ ತಪ್ಪಿಸಿ ಓಡಾಡಿದ್ದು.

ನನಗೆ ಬೇಕಾಗಿರೋದು ಇಷ್ಟೇ. ಹೆಬ್ಬೆರಳಿನಲ್ಲಿ ಸವರಿದಾಗ ನಿಮಗೆ ತಿಳೀತಾ? ಕುರಿ ಕಿವಿ ಮುಟ್ಟಿ ಅಭ್ಯಾಸ ಇಲ್ಲದ ಕೈ, ತಿಳಿಯದೇ ಇದ್ದಿರಬಹುದು, ಆ ಕಿವಿಯನ್ನೇ ಮರೆತಿರಬಹುದು ಅಂತ ಒಂದೊಂದು ದಿನ ಅನ್ಕೊಂಡಿದೀನಿ. ತಿಳಿದೇ ಬಿಟ್ರಿ, ಗಂಡ ಇಲ್ಲದೋಳು ಬದುಕಿಕೊಳ್ಳಲಿ ಅಂತ ಬಿಟ್ರಿ ಅಂತಲೂ ಅನ್ಕೊಂಡಿದೀನಿ. ಅದು ನನಗೆ ಇನ್ನೂ ಸಿಟ್ಟು ಬರಿಸುತ್ತೆ. ಕೆಟ್ಟ ದಿನಗಳಲ್ಲಿ, ಇವರು ಈ ಗುಟ್ಟನ್ನ ಗಂಟು ಕಟ್ಟಿ ಇಟ್ಟಿದಾರೆ, ಬೇಕಾದಾಗ ಬಿಚ್ತಾರೆ ಅಂತ ನಿಮ್ಮನ್ನ ಬಾಯಿಗೆ ಬಂದ ಹಾಗೆ ಬೈದಿದೀನಿ. ಹುಡುಗಿ ಹತ್ರ ನೀವು ಆಡಿದ ಮಾತಿನಲ್ಲಿ ಈ ಮೂರೂ ಕೂರುತ್ತೆ. ಯಾವುದು ಅಂತ ನಿಮಗೊಬ್ಬರಿಗೇ ಗೊತ್ತು.

ತಿಳಿದಿದ್ರೆ ತಿಳಿದಿತ್ತು ಅಂತ ಬರೀರಿ. ಇಲ್ಲದಿದ್ರೆ ಇಲ್ಲ ಅಂತ ಬರೀರಿ. ನನ್ನ ಮನಸ್ಸು ನೋಯುತ್ತೆ ಅಂತ ಸಿಹಿ ಸುಳ್ಳು ಮಾತ್ರ ಬರೀಬೇಡಿ. ಸೊಸೆ ಕೈಲಿ ಬೇಡ, ಮಗನ ಕೈಲಿ ಬೇಡ, ನೀವೇ ಬರೀಬೇಕು. ನಿಮಗೂ ವಯಸ್ಸಾಯ್ತು, ನನಗೂ ಆಯ್ತು. ಈ ತಿಂಗಳು ಮುಗಿಯೋದ್ರೊಳಗೆ ಉತ್ತರ ನನ್ನ ಕೈ ಸೇರಬೇಕು.

ಕಾಯ್ತಿರೋ
ಈರಕ್ಕ